ಆಂಟಿಯ ಫ್ರೀಜರಿನಲ್ಲಿ ಹನ್ನೊಂದು ಕೋಟಿ ವರ್ಷದ ಮೀನು

ಮೆಲ್ಬರ್ನ್‌ನ ಡ್ಯಾಂಡಿನಾಂಗ್ ಬಡಾವಣೆಯ ನಮ್ಮ ಆಂಟಿಯ ಪ್ರಕಾರ ಈ ಭೂಮಿಯ ಮೇಲಿರುವುದು ಎರಡೇ ಥರದ ಜನ: ಮೀನು ತಿನ್ನುವವರು ಮತ್ತು ಪಾಪದವರು. ತುಮಕೂರಿನ ಶುದ್ಧ ಸಸ್ಯಾಹಾರಿಯಾದ ನಾನು ಎರಡನೆಯ ಗುಂಪಿನ ಲೀಡರ್! ಅವರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದಷ್ಟು ಕಾಲವೂ ಅವರು ನನ್ನನ್ನು ನೋಡಿದ್ದು ಜ್ವರ ಬಂದ ಮಗುವನ್ನು ನೋಡುವ ಹಾಗೆ. "ಒಂದು ತುಂಡಾದ್ರೂ ತಿನ್ನು ಮಾರಾಯಾ, ದೇವರ ಹತ್ರ ನಾನು ಮಾತಾಡ್ತೇನೆ" ಎಂದು ಶಿಫಾರಸಿನ ಭರವಸೆ ಬೇರೆ.

ಆಂಟಿ ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷು, ನನ್ನ ಜೊತೆ ಕನ್ನಡ, ಮೀನಿನಂಗಡಿಯಲ್ಲಿ ಮಾತ್ರ ಯುದ್ಧದ ಭಾಷೆ. ಅಂಕಲ್ ತೀರಿಕೊಂಡ ಮೇಲೆ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಮಾಡಿಕೊಂಡು ಒಬ್ಬರೇ ಮನೆ ನಡೆಸುತ್ತಿದ್ದರು. ಶನಿವಾರ ಅವರು ಮಾರ್ಕೆಟ್ಟಿಗೆ ಕಾಲಿಟ್ಟರೆ ಮೀನಿನಂಗಡಿಯ ಗ್ರೀಕ್ ಮುದುಕ ಪಾಪ, ಐಸು ಸರಿಮಾಡುವ ನೆಪದಲ್ಲಿ ಕೌಂಟರಿನ ಹಿಂದೆ ಬಗ್ಗಿಬಿಡುತ್ತಿದ್ದ. ಬಿಟ್ಟಾರೆಯೇ? ಒಂದೊಂದು ಮೀನಿನ ಕಿವಿರನ್ನೂ ಬೆರಳಿನಿಂದ ಎತ್ತಿ, ಕಣ್ಣು ಒತ್ತಿ, ಮೂಸಿ ನೋಡಿ ಕೇಳುತ್ತಿದ್ದರು: "ವೆನ್ ಕಾಟ್?"

"ದಿಸ್ ಮಾರ್ನಿಂಗ್, ಲವ್."

"ವಿಚ್ ಡೇ ಮಾರ್ನಿಂಗ್?"

ಇಂಥವರ ಮನೆಗೆ ನಾನು ಒಂದು ದಿನ ಕಲ್ಲು ಹೊತ್ತುಕೊಂಡು ಬಂದೆ.

ನನ್ನ ಹುಚ್ಚನ್ನೂ ಹೇಳಿಬಿಡುತ್ತೇನೆ. ಎರಡು ಸಾವಿರನೇ ಇಸವಿಯ ಆಸುಪಾಸಿನ ವರ್ಷಗಳು. ನನ್ನ ಜೊತೆಯವರೆಲ್ಲ ಆಸ್ಟ್ರೇಲಿಯಾದಲ್ಲೇ ಖಾಯಂ ಉಳಿಯಲು ಪಿಆರ್ ಸಿಗಲಿ ಅಂತ ಅಕೌಂಟಿಂಗ್ ಓದುತ್ತಿದ್ದರು. ನಾನೂ ಓದುತ್ತಿದ್ದೆ, ಆದರೆ ಲೈಬ್ರರಿಯಲ್ಲಿ ಅಕೌಂಟಿಂಗ್ ಪುಸ್ತಕದ ಒಳಗೆ ಫಾಸಿಲ್, ಅಂದರೆ ಪಳೆಯುಳಿಕೆಗಳ, ಪುಸ್ತಕ ಇಟ್ಟುಕೊಂಡು! ಮೆಲ್ಬರ್ನ್‌ನಿಂದ ಆಚೆ ಗಿಪ್ಸ್‌ಲ್ಯಾಂಡ್ ಕಡೆ ಒಂದಾನೊಂದು ಕಾಲದಲ್ಲಿ ಸಿಹಿನೀರಿನ ಕೆರೆಯಿತ್ತು. ಅದರ ತಳದ ಕೆಸರೆಲ್ಲ ಈಗ ಪದರ ಪದರ ಕಲ್ಲು. ಪುಸ್ತಕದ ಹಾಳೆ ಬಿಡಿಸಿದ ಹಾಗೆ ಬಿಡಿಸಿದರೆ ಒಳಗೆ ಮೀನು, ನೀರುಹುಳ, ಅದೃಷ್ಟವಿದ್ದರೆ ಒಂದು ಗರಿ. ಫಾಸಿಲ್ ಹವ್ಯಾಸಿಗಳ ಗುಂಪೊಂದು ಒಪ್ಪಿಗೆ ಪಡೆದು ಅಲ್ಲಿಗೆ ಹೋಗುತ್ತಿತ್ತು, ನಾನು ಅವರ ಕಾರಿನ ಹಿಂದಿನ ಸೀಟಿನಲ್ಲಿ ಬೆರಗಾಗಿ ಕೂತಿರುತ್ತಿದ್ದೆ. ನನ್ನ ಮೊದಲ ಮೀನು ಸಿಕ್ಕಿದ ದಿನ ಅದನ್ನು ಎದೆಗೆ ಅವಚಿಕೊಂಡು ಬಂದು ಆಂಟಿಯ ಅಡುಗೆಮನೆಯ ಮೇಜಿನ ಮೇಲಿಟ್ಟೆ.

ಆಂಟಿ ಕನ್ನಡಕ ಹಾಕಿಕೊಂಡು ಬಗ್ಗಿದರು. "ಎಂತ ಮಾರಾಯಾ ಇದು? ಮೀನಾ? ಎಷ್ಟು ದಿನದ್ದು?"

"ಹನ್ನೊಂದು ಕೋಟಿ ವರ್ಷಕ್ಕೂ ಹಳೇದು ಆಂಟಿ!"

ಒಂದು ಕ್ಷಣ ಯೋಚಿಸಿದರು. "ಫ್ರೆಶ್ ಅಲ್ಲ ಹಾಗಾದ್ರೆ."

ಮೀನು ತಿನ್ನದವನು ಮೀನಿನ ಹಿಂದೆ ಬಿದ್ದಿದ್ದಾನಲ್ಲ ಎಂದು ಅವರಿಗೆ ಖುಷಿಯೋ ಖುಷಿ. ರೋಗಿ ಸುಧಾರಿಸುತ್ತಿದ್ದಾನೆ ಎಂದುಕೊಂಡಿರಬೇಕು. ಮರುವಾರ ಚರ್ಚಿನ ಗೆಳತಿಯರು ಟೀಗೆ ಬಂದಾಗ ಕಲ್ಲನ್ನು ಟ್ರೇಯಲ್ಲಿಟ್ಟು ತಂದು ತೋರಿಸಿದರು: "ನಮ್ಮ ಹುಡುಗ ಹಿಡಿದದ್ದು."

"ಹೌದಾ? ಎಲ್ಲಿ ಹಿಡಿದ?"

"ಗುಡ್ಡದ ಮೇಲೆ."

ಗೆಳತಿಯರು ಟೀ ಕುಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಬಿಸ್ಕತ್ತು ನೋಡಿದೆ.

ಈಗ ಫ್ರೀಜರಿನ ವಿಷಯಕ್ಕೆ ಬರೋಣ. ಇಂಥ ಕಲ್ಲನ್ನು ಸುತ್ತಿಗೆಯಲ್ಲಿ ಹೊಡೆದರೆ ಮೀನಿನ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಅದಕ್ಕೊಂದು ನಾಜೂಕು ಉಪಾಯವಿದೆ. ನೀರಿನಲ್ಲಿ ನೆನೆಸಿ, ಪೇಪರಿನಲ್ಲಿ ಸುತ್ತಿ, ಫ್ರೀಜರಿನಲ್ಲಿಡಬೇಕು. ಪದರಗಳ ನಡುವೆ ಹೊಕ್ಕ ನೀರು ಐಸಾಗಿ ಉಬ್ಬುತ್ತದೆ. ಹೊರಗಿಟ್ಟು ಕರಗಿಸಿ, ಮತ್ತೆ ಒಳಗಿಟ್ಟು, ಹೀಗೆ ಮಾಡುತ್ತಾ ಹೋದರೆ ಕಲ್ಲು ತಾನಾಗಿ ಬಾಯಿಬಿಡುತ್ತದೆ. ಆದರೆ ಆಂಟಿಯ ಗ್ಯಾರೇಜಿನ ಆ ದೊಡ್ಡ ಫ್ರೀಜರೆಂದರೆ ಗರ್ಭಗುಡಿ! ಅಲ್ಲಿ ಬಂಗುಡೆ, ಅಂಜಲ್, ಸಿಗಡಿ ಬಿಟ್ಟು ಬೇರೆ ಯಾರಿಗೂ ಪ್ರವೇಶವಿಲ್ಲ. ಹೇಗೆ ಕೇಳುವುದು? ಧೈರ್ಯ ಮಾಡಿ ಪೀಠಿಕೆ ಹಾಕಿದೆ.

"ಆಂಟಿ, ಆಗ ಆಸ್ಟ್ರೇಲಿಯಾ ಸೌತ್ ಪೋಲ್ ಪಕ್ಕದಲ್ಲಿತ್ತು. ವಿಂಟರಲ್ಲಿ ಕೆರೆ ಮೇಲೆಲ್ಲಾ ಐಸ್ ಕಟ್ತಿತ್ತಂತೆ. ಕೆಳಗಡೆ ಗಾಳಿ ಸಿಗದೆ ಈ ಮೀನುಗಳು ಸತ್ತಿರಬಹುದು ಅಂತಾರೆ."

ಆಂಟಿ ಮಧ್ಯದಲ್ಲೇ ತಡೆದರು. "ಅಂದ್ರೆ ಇದು ಮೊದಲೇ ಫ್ರೋಜನ್ ಮೀನು! ಮತ್ತೆ ಅದನ್ನು ಎಂತಕ್ಕೆ ಹೊರಗಿಟ್ಟಿದ್ದಿ? ಹೋಗು, ಫ್ರೀಜರಿಗೆ ಹಾಕು."

ಇಷ್ಟು ಬೇಗ ಯಾವ ಕಮಿಟಿ ನನ್ನ ಅರ್ಜಿ ಒಪ್ಪೀತು! ಅಂದಿನಿಂದ ನಾನು ತಂದ, ಇನ್ನೂ ಬಾಯಿಬಿಡದ ಕಲ್ಲುಗಳೂ ಪೇಪರು ಸುತ್ತಿಕೊಂಡು ಬಂಗುಡೆಗಳ ಪಕ್ಕ ಮಲಗಿದವು.

ಇಷ್ಟೆಲ್ಲ ಮಾತಾಡುವ ಆಂಟಿ ಒಂದು ವಿಷಯದಲ್ಲಿ ಮೂಕಿ. ಅವರಿಗೊಬ್ಬಳೇ ಮಗಳು, ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ನರ್ಸು. ಹಿಂದೆ ಆಂಟಿಯೇ ನೋಡಿ ಗೊತ್ತುಮಾಡಿದ್ದ ಸಂಬಂಧವನ್ನು, ಮದುವೆಯ ಹಾಲ್ ಬುಕ್ ಆಗಿ ಸೀರೆ ಬಂದ ಮೇಲೆ, ಅವಳು ಬೇಡ ಅಂದುಬಿಟ್ಟಳಂತೆ. ಆಂಟಿ ಸಿಟ್ಟಿನಲ್ಲಿ "ಈ ಮನೆಯಲ್ಲಿ ನಿನಗೆ ಜಾಗ ಇಲ್ಲ" ಅಂದರು. ಅವಳು ಬ್ಯಾಗು ತೆಗೆದುಕೊಂಡು ಹೋದಳು. ಆಮೇಲಿಂದ ಪ್ರತಿ ಭಾನುವಾರ ಫೋನು ಬರುತ್ತಿತ್ತು. ಏನು ಮಾತಾಡುತ್ತಿದ್ದರು ಗೊತ್ತೇ? ಹವಾಮಾನ! ಅಲ್ಲಿ ಮಳೆಯಾ, ಇಲ್ಲಿ ಗಾಳಿ, ಸರಿ, ಇಡ್ತೇನೆ. ಅವರ ಜೊತೆ ಇದ್ದೂ ಇದ್ದೂ ಅಷ್ಟಿಷ್ಟು ಕೊಂಕಣಿ ಕಲಿತ ನನಗೂ ಸಿಡ್ನಿಯ ಟೆಂಪರೇಚರ್ ಬಾಯಿಪಾಠವಾಗಿತ್ತು.

ಮಗಳಿಗೆ ಒಂದು ಆಪರೇಷನ್ ಆಗಿದೆ, ಮನೆಯಲ್ಲೇ ರೆಸ್ಟ್‌ನಲ್ಲಿದ್ದಾಳೆ ಎಂದು ಆಂಟಿಗೆ ಗೊತ್ತಾದದ್ದು ಚರ್ಚಿನ ಯಾರಿಂದಲೋ. ಸಣ್ಣ ಆಪರೇಷನ್ನೇ. ಆದರೆ ತನಗೆ ಹೇಳಲಿಲ್ಲವಲ್ಲ! ಆ ಸಂಜೆ ಆಂಟಿ ಗ್ರೀಕ್ ಮುದುಕನ ಅಂಗಡಿಗೆ ಹೋಗಿ ಒಂದೂ ಪ್ರಶ್ನೆ ಕೇಳದೆ ಮೀನು ತಂದರು. ನನಗೆ ಹೆದರಿಕೆಯಾದದ್ದು ಆಗ. ಮಗಳಿಗೆ ಇಷ್ಟವಾದ ಮಸಾಲೆ ಅರೆದರು. ಮೆಣಸು, ಜೀರಿಗೆ, ಅರಿಶಿನ, ವಿನೆಗರ್. ಬಂಗುಡೆಗೆಲ್ಲ ಬಳಿದು, ಪೇಪರಿನಲ್ಲಿ ಸುತ್ತಿ, ಫ್ರೀಜರಿಗಿಟ್ಟು ನನ್ನ ಕಡೆ ತಿರುಗಿದರು.

"ನಾಡಿದ್ದು ಸಿಡ್ನಿಗೆ ಬರ್ತಿಯಾ? ಡಬ್ಬಿ ಹೊರ್ಲಿಕ್ಕೆ ಜನ ಬೇಕು."

"ಏನಂತೀರಾ ಆಂಟಿ ಅವಳಿಗೆ, ಹೋಗಿ?"

"ಹೇಳ್ಲಿಕ್ಕೆ ಎಂತ ಉಂಟು? ಮೀನು ಇಡ್ತೇನೆ. ಅವಳಿಗೆ ಅರ್ಥ ಆಗ್ತದೆ."

ಅಂಕಲ್ ಇದ್ದಾಗಲೂ ಹಾಗೇ ಅಂತೆ. ಜಗಳವಾಡಿದ ಮರುದಿನ ಅಂಜಲ್ ಫ್ರೈ ಬಂದರೆ ಆಂಟಿ ಸೋತರೆಂದು ಲೆಕ್ಕ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಆಂಟಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಾ ಫ್ರೀಜರಿನ ಮುಚ್ಚಳ ಎತ್ತಿ, "ಅದು, ಆ ದೊಡ್ಡ ಕಟ್ಟು! ನನಗೆ ಸೊಂಟ ನೋವು, ನೀನೇ ಎತ್ತು" ಎಂದರು. ಐಸಿನ ಡಬ್ಬಿಗೆ ಹಾಕಿದೆ. ಭಾರವಿತ್ತು. ಮೀನು ಇಷ್ಟು ಭಾರ ಇರುತ್ತದೆಯೇ? ಹುಟ್ಟಿದಾಗಿನಿಂದ ಮೀನು ಮುಟ್ಟದ ನನಗೇನು ಗೊತ್ತು!

ಏರ್‌ಪೋರ್ಟಿನಲ್ಲಿ ಚೆಕ್‌ಇನ್ ಹುಡುಗಿ ಡಬ್ಬಿಗೆ 'ಹೆವಿ' ಎಂಬ ಕಿತ್ತಳೆ ಚೀಟಿ ಅಂಟಿಸಿ ಏನಿದೆ ಎಂದು ಕೇಳಿದಳು.

"ಫಿಶ್. ಫಾರ್ ಮೈ ಡಾಟರ್."

"ವಾವ್! ಬಿಗ್ ಫ್ಯಾಮಿಲಿ?"

"ನೋ," ಎಂದರು ಆಂಟಿ. "ಒನ್ ಡಾಟರ್ ಓನ್ಲಿ."

ಬ್ಲ್ಯಾಕ್‌ಟೌನ್‌ನ ಫ್ಲ್ಯಾಟಿನ ಬಾಗಿಲು ತೆಗೆದ ಮಗಳು ಹೊಟ್ಟೆಗೆ ಕೈ ಒತ್ತಿಕೊಂಡು ನಿಂತಿದ್ದಳು. "ಮಮ್ಮಿ? ವಾಟ್ ಆರ್ ಯೂ ಡೂಯಿಂಗ್ ಹಿಯರ್?" ಆಂಟಿ ಸೀದಾ ಅಡುಗೆಮನೆಗೆ ಹೋಗಿ, ಸೆರಗು ಸಿಕ್ಕಿಸಿ, ಪ್ಯಾನ್ ಹುಡುಕಿ ಒಲೆಯ ಮೇಲಿಟ್ಟು, ಎಣ್ಣೆ ಹಾಕಿ, ಕಟ್ಟು ಬಿಚ್ಚಿದರು.

ಒಳಗಿದ್ದದ್ದು ಕಲ್ಲು.

ಅಯ್ಯೋ! ನನ್ನ ಕಲ್ಲನ್ನೂ ಅವರ ಮೀನನ್ನೂ ಸುತ್ತಿದ್ದು ಮನೆಗೆ ಬರುವ ಒಂದೇ ಬಿಟ್ಟಿ ನ್ಯೂಸ್‌ಪೇಪರಿನಲ್ಲಿ. ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಮಗಳು ನನ್ನನ್ನು ನೋಡಿದಳು, ನಾನು ಸಿಂಕ್ ನೋಡಿದೆ. ಅಷ್ಟರಲ್ಲಿ, ದಾರಿಯುದ್ದಕ್ಕೂ ಕರಗುತ್ತಾ ಬಂದಿದ್ದ ಕಲ್ಲು ಆಂಟಿಯ ಕೈಯಲ್ಲೇ ಪುಸ್ತಕದಂತೆ ಎರಡಾಯಿತು. ಒಳಗೊಂದು ಬೆರಳುದ್ದದ ಮೀನು! ಕಂದು ಬಣ್ಣ, ಒಂದೊಂದು ಮುಳ್ಳೂ ಕಾಣುವಷ್ಟು ಸ್ಪಷ್ಟ, ಬಾಲದ ತುದಿಯವರೆಗೂ ಪೂರ್ತಿ. ನಾನು ಕಿರುಚಿಬಿಟ್ಟೆ. "ಪೂರ್ತಿ ಇದೆ ಆಂಟಿ! ಇದನ್ನ ನೋಡಿದ ಮೊದಲನೇ ಮನುಷ್ಯರು ನೀವು!"

"ಸುಮ್ಮನಿರು ಮಾರಾಯಾ. ನನ್ನ ಬಂಗುಡೆ ಎಲ್ಲಿ?"

"ಡ್ಯಾಂಡಿನಾಂಗಲ್ಲಿ."

ಮಗಳಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ, ಆದರೂ ನಕ್ಕಳು, "ಡೋಂಟ್ ಮೇಕ್ ಮಿ ಲಾಫ್" ಎನ್ನುತ್ತಾ ಫ್ರಿಜ್ಜಿಗೆ ಒರಗಿದಳು. ಆಂಟಿ ನಗಲಿಲ್ಲ. ಮಗಳ ಮುಂದೆ ಇಡಲು ಅವರ ಹತ್ತಿರ ಏನೂ ಇರಲಿಲ್ಲ. ಇಷ್ಟು ವರ್ಷದ ಮಾತನ್ನೆಲ್ಲ ಆ ಕಟ್ಟಿನಲ್ಲಿ ಸುತ್ತಿಕೊಂಡು ಬಂದವರು, ಕಟ್ಟೇ ಬದಲಾದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಮೀನಿನ ವಿಷಯದಲ್ಲಿ ಯಾರಿಗೂ ಸೋಲದ ಆ ಹೆಂಗಸು ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಗಳು ನಗು ನಿಲ್ಲಿಸಿದಳು. ಕಾದ ಪ್ಯಾನಿಗೆ ಎರಡು ಮೊಟ್ಟೆ ಒಡೆದು ಹಾಕಿ, ಮೇಲೆ ಮೆಣಸಿನ ಪುಡಿ ಉದುರಿಸಿ, ತಟ್ಟೆಯನ್ನು ಅಮ್ಮನ ಮುಂದಿಟ್ಟಳು. ಬೇರೆಯವರು ಒಲೆ ಮುಟ್ಟಿದರೆ ಗದರುವ ಆಂಟಿ ಗದರಲಿಲ್ಲ. ತಟ್ಟೆ ನೋಡುತ್ತಾ, ಕೊಂಕಣಿಯಲ್ಲಿ, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದರು:

"ನೀನು ಆ ಹುಡುಗ ಬೇಡ ಅಂದದ್ದು ಸರಿ. ನಿನಗೆ ಜಾಗ ಇಲ್ಲ ಅಂದದ್ದು ನನ್ನ ತಪ್ಪು."

ಮಗಳು ಅಮ್ಮನ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತು, ಮೊಟ್ಟೆಯ ಒಂದು ಚೂರು ಮುರಿದು, ಊದಿ, ಅವರ ಬಾಯಿಯ ಹತ್ತಿರ ಹಿಡಿದಳು.

"ತಿನ್ನು ಮಮ್ಮಿ. ಬೆಳಿಗ್ಗೆಯಿಂದ ನೀನು ಏನೂ ತಿಂದಿರ್ಲಿಕ್ಕಿಲ್ಲ."