ಕಂಕುಳಲ್ಲಿ ಒಂದು ಗಂಟೆ

ಮಧ್ಯಾಹ್ನ ಎರಡು ಗಂಟೆಗೆ ಇನ್‌ಕ್ಯುಬೇಟರಿನ ತಂತಿ ಸುಟ್ಟುಹೋಯಿತು. ಜಪಾನಿನ ನಿಗಾತಾ ಕಡೆಯ ಆ ಪುಟ್ಟ ಊರಿನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಚ್ಚಗಿಡಲು ಇದ್ದದ್ದು ಅದೊಂದೇ ಪೆಟ್ಟಿಗೆ. ರಿಪೇರಿಯವನು ನಾಲ್ಕರ ಮೇಲೆ ಬರುತ್ತೇನೆ ಎಂದ. ಬೇರೆ ಯಾರಾದರೂ ಆಗಿದ್ದರೆ ಚಹಾ ಕುಡಿಯಲು ಎದ್ದುಹೋಗುತ್ತಿದ್ದರು. ಅಲ್ಲಿನ ಸಂಶೋಧಕ ಮುರೊಯಿ ಮಾತ್ರ "ಇಷ್ಟೇ ತಾನೆ" ಎಂದುಕೊಂಡು ಅಂಗಿಯ ಗುಂಡಿ ಬಿಚ್ಚಿದ.

ಅವನಿಗೆ ತನ್ನ ಬ್ಯಾಕ್ಟೀರಿಯಾಗಳ ಮೇಲೆ ಅಷ್ಟು ನಂಬಿಕೆ. ಔಷಧಿಗೆ ಸಾಯದ ಬ್ಯಾಕ್ಟೀರಿಯಾವನ್ನೂ ಸಾಯುವ ಬ್ಯಾಕ್ಟೀರಿಯಾವನ್ನೂ ಒಟ್ಟಿಗೆ ಬಿಟ್ಟರೆ, ಮೊದಲನೆಯದು ಸಣ್ಣ ಎಳೆಯೊಂದನ್ನು ಚಾಚಿ ಎರಡನೆಯದನ್ನು ಹತ್ತಿರ ಎಳೆದುಕೊಳ್ಳುತ್ತದೆ. ತನ್ನೊಳಗಿನ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎಯ ಒಂದು ನಕಲನ್ನು ಅದಕ್ಕೆ ದಾಟಿಸುತ್ತದೆ. ಕೊಟ್ಟ ಬ್ಯಾಕ್ಟೀರಿಯಾಕ್ಕೆ ಏನೂ ನಷ್ಟವಿಲ್ಲ. ಪಡೆದದ್ದು ಮಾತ್ರ ಅಂದಿನಿಂದ ಆ ಔಷಧಿಗೆ ಬಗ್ಗುವುದಿಲ್ಲ. ಮುರೊಯಿ ಮೂರು ವರ್ಷ ಆಸ್ಪತ್ರೆಗಳನ್ನು ಸುತ್ತಿ, ಇಂಥ ಮೊಂಡು ತಳಿಗಳನ್ನು ನೂರ ಎಂಬತ್ತು ಕೊಳವೆಗಳಲ್ಲಿ ಕೂಡಿಹಾಕಿದ್ದ.

ಎಲ್ಲರೂ ಗೌರವದಿಂದ ‘ಸೆನ್ಸೇ’, ಗುರುಗಳೇ, ಎನ್ನುತ್ತಿದ್ದ ನಿರ್ದೇಶಕ ಅರಿಮುರ ಇದನ್ನು ನಂಬಿರಲಿಲ್ಲ.

"ಮುರೊಯಿ ಕುನ್, ಇದೇನು ಪಕ್ಕದ ಮನೆಯಿಂದ ಸೋಯಾ ಸಾಸ್ ಕಡ ತರೋ ವ್ಯವಹಾರಾನಾ? ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕಣ್ಣಿಗೆ ತೋರಿಸು. ಆಗ್ಲಿಲ್ಲಾಂದ್ರೆ ಬಾವಿ ನೀರು ಪರೀಕ್ಷೆ ಮಾಡ್ಕೊಂಡಿರು" ಎಂದು ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು.

ತಟ್ಟೆಯಲ್ಲಿ ಫಲ ಕಾಣಲು ಇಡೀ ರಾತ್ರಿ ಬೇಕು, ನಾಲ್ಕರವರೆಗೆ ಕಾಯುತ್ತ ಕೂರುವಂತಿರಲಿಲ್ಲ. ಈ ಕೂಡಿಕೆಗೆ ಬೇಕಾದದ್ದು ಒಂದು ಗಂಟೆಯ ಮೈಬಿಸಿ. ಅಲುಗಾಟ ಕೂಡದು, ಜೋರಾಗಿ ಕುಲುಕಿದರೆ ಜೋಡಿ ಅರ್ಧದಲ್ಲೇ ಕಳಚಿಕೊಳ್ಳುತ್ತದೆ. ಮೈಬಿಸಿಗೆ ಮೈಯೇ ಇತ್ತಲ್ಲ. ಎರಡು ತಳಿಗಳನ್ನೂ ಬೆರೆಸಿದ ಗಾಜಿನ ಕೊಳವೆಗೆ ಹತ್ತಿ ತುರುಕಿ, ಎಡ ಕಂಕುಳಲ್ಲಿ ನೆಟ್ಟಗೆ ಸಿಕ್ಕಿಸಿಕೊಂಡು, ಮೇಲೆ ಬಿಳಿ ಕೋಟು ಹಾಕಿ, ಎರಡೂವರೆಗೆ ಸರಿಯಾಗಿ ಸ್ಟೂಲಿನ ಮೇಲೆ ಕುಳಿತ. ಇದು ನಿಯಮಕ್ಕೆ ಪೂರ್ತಿ ವಿರುದ್ಧ. ಯಾರಿಗಾದರೂ ಗೊತ್ತಾದರೆ ಬಾವಿ ನೀರೂ ಸಿಗುವುದಿಲ್ಲ.

ಮೂರಕ್ಕೆ ಗೋಡೆಯ ರೇಡಿಯೊದಲ್ಲಿ ಪಿಯಾನೊ ಶುರುವಾಯಿತು. ವ್ಯಾಯಾಮದ ಹೊತ್ತು. ಇಡೀ ಪ್ರಯೋಗಾಲಯ ಎದ್ದು ನಿಂತು ಕೈ ಬೀಸತೊಡಗಿತು. ಹಾಜರಿ ಚೀಟಿಗೆ ಮೊಹರು ಒತ್ತುವ ಕೆಲಸ ಪಕ್ಕದ ಮೇಜಿನ ಇಸೊಬೆಯದು.

"ಮುರೊಯಿ ಸಾನ್, ಏಳಿ. ಈಗ ಜಿಗಿಯೋದು ಬರುತ್ತೆ."

"ಬೆನ್ನು ಹಿಡ್ಕೊಂಡಿದೆ. ಅಲ್ಲಾಡೋಕಾಗ್ತಿಲ್ಲ."

ಅದನ್ನು ಹೇಳಬಾರದಿತ್ತು. ಇಸೊಬೆ ಜೂಡೊ ಕಲಿತವನು, ಇನ್ನೊಬ್ಬರ ಮೂಳೆ ಸರಿಮಾಡಲು ಸದಾ ತಯಾರು.

"ಅಷ್ಟೇನಾ? ಭುಜ ಹಿಡ್ದು ನಾಲ್ಕು ಸಲ ಕುಲುಕಿದ್ರೆ ಸರಿಹೋಗುತ್ತೆ ಬಿಡಿ" ಎಂದು ತೋಳು ಮಡಚಿದ.

"ಮುಟ್ಟಬೇಡ" ಎಂದ ಮುರೊಯಿ, ಬೆಕ್ಕಿನ ಬಾಯಿಗೆ ಸಿಕ್ಕ ಮೀನಿನ ಹಾಗೆ ಕಣ್ಣು ಬಿಟ್ಟು.

ಪಾತ್ರೆ ತೊಳೆಯುವ ಮುದುಕಿ ತೊಮೆ ಸಾನ್ ಕೈ ಒರೆಸಿಕೊಂಡು ಬಂದಳು. "ಸುಮ್ನಿರಪ್ಪ ಇಸೊಬೆ. ಹಿಡಿದ ಬೆನ್ನನ್ನ ಕುಲುಕ್ತಾರಾ ಯಾರಾದ್ರೂ? ಬಿಸಿ ಇಡ್ಬೇಕು." ಅವಳ ಚೀಲದಲ್ಲಿ ಒಣಗಿದ ಮಾಚಿಪತ್ರೆಯ ಪುಡಿ ಸದಾ ಇರುತ್ತಿತ್ತು. ಅದನ್ನು ಪುಟ್ಟ ಉಂಡೆ ಮಾಡಿ ಚರ್ಮದ ಮೇಲಿಟ್ಟು ಹೊತ್ತಿಸುವುದು ಅವಳ ಚಿಕಿತ್ಸೆ.

ಕುಲುಕಿಸಿಕೊಳ್ಳುವುದೋ ಸುಡಿಸಿಕೊಳ್ಳುವುದೋ ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಒಂದೇ ಉತ್ತರ.

"ಇಡಿ ತೊಮೆ ಸಾನ್" ಎಂದ ಮುರೊಯಿ. "ಆದ್ರೆ ಎಡಗೈ ಎತ್ತೋಕೆ ಹೇಳ್ಬೇಡಿ."

ಅವಳು ಹಿಂದಿನಿಂದ ಕೋಟನ್ನೂ ಅಂಗಿಯನ್ನೂ ಮೇಲೆತ್ತಿ ಐದು ಉಂಡೆ ಇಟ್ಟು ಕಡ್ಡಿ ಗೀರಿದಳು. ಮುರೊಯಿಯ ಕಣ್ಣಲ್ಲಿ ನೀರು ಇಳಿಯಿತು, ಮೂಗಿನ ತುದಿ ಕೆಂಪಾಯಿತು, ಎಡಗೈ ಮಾತ್ರ ಕದಲಲಿಲ್ಲ. ಹೊಗೆ ಕಂಡು ಒಳಗೆ ಬಂದ ಅರಿಮುರ ಸೆನ್ಸೇ ಅವನನ್ನು ಎರಡು ನಿಮಿಷ ನೋಡಿ, "ಎಂಥಾ ತಾಳ್ಮೆ" ಎಂದು ಹೊರಟುಹೋದರು.

ಮೂರೂವರೆಯಾದ ಕೂಡಲೇ ಮುರೊಯಿ ಸ್ಪ್ರಿಂಗಿನಂತೆ ಎದ್ದು, ಕೊಳವೆಯದನ್ನು ತಟ್ಟೆಗೆ ಬಳಿಯಲು ಒಳಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಹೊರಗೆ ತೊಮೆ ಸಾನ್ ಮುಂದೆ ಬೆನ್ನುನೋವಿನವರ ಸಾಲು ನಿಂತಿತು.

ಸಂಜೆ ರಿಪೇರಿಯಾದ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಇಟ್ಟ ಮೂರು ತಟ್ಟೆಗಳು ಮರುದಿನ ಒಂಬತ್ತಕ್ಕೆ ಸೆನ್ಸೇ ಮುಂದಿದ್ದವು. ಮೂರರಲ್ಲೂ ಎರಡೆರಡು ಔಷಧಿ: ಒಂದು ಕೊಡುವ ತಳಿಯನ್ನು ಕೊಲ್ಲುವಂಥದು, ಇನ್ನೊಂದು ಪಡೆಯುವ ತಳಿಯನ್ನು. ಎರಡನ್ನೂ ತಾಳಿ ಬದುಕುವುದು ಪ್ಲಾಸ್ಮಿಡ್ ಪಡೆದುಕೊಂಡದ್ದು ಮಾತ್ರ. ಕೊಡುವುದನ್ನು ಒಂಟಿಯಾಗಿ ಬಿಟ್ಟ ತಟ್ಟೆ ಖಾಲಿ. ಪಡೆಯುವುದನ್ನು ಒಂಟಿಯಾಗಿ ಬಿಟ್ಟದ್ದೂ ಖಾಲಿ. ಕಂಕುಳಲ್ಲಿ ಕೂಡಿಬಾಳಿದವುಗಳ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ನಲವತ್ತಮೂರು ಬಿಳಿ ಚುಕ್ಕೆ.

ಸೆನ್ಸೇ ಎರಡು ಸಲ ಎಣಿಸಿದರು. "ಪಕ್ಕದಲ್ಲಿದ್ರೆ ಸಾಕಾ?"

"ಒಂದು ಗಂಟೆ ಸಾಕು, ಸೆನ್ಸೇ."

"ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತಾ?"

"ಧಾರಾಳವಾಗಿ. ಕರುಳಲ್ಲಿ ಸುಮ್ನಿರೋದ್ರಿಂದ ಭೇದಿ ತರೋದಕ್ಕೂ ದಾಟುತ್ತೆ" ಎಂದ ಮುರೊಯಿ, ಎದೆ ಉಬ್ಬಿಸಿ.

ಸೆನ್ಸೇ ಮುಖ ಬಿಳಿಚಿಕೊಂಡಿತು. ತಟ್ಟನೆ ಎದ್ದು ಹೋದರು. ಇಸೊಬೆ ಚಹಾ ತಂದುಕೊಟ್ಟ. ಗೆದ್ದವನ ಗತ್ತಿನಲ್ಲಿ ಮುರೊಯಿ ಅದನ್ನು ಅಂಗಳದ ಬಿಸಿಲಿನಲ್ಲಿ ಕುಳಿತು ನಿಧಾನವಾಗಿ ಕುಡಿದ.

ಒಳಗೆ ಬಂದಾಗ ಹನ್ನೊಂದು. ಮೇಜಿನ ಮೇಲೆ ತಟ್ಟೆಗಳಿರಲಿಲ್ಲ. ಶೀತಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗೆ ಒಂದು ಕೊಳವೆಯೂ ಇರಲಿಲ್ಲ. ಮೂಲೆಯಲ್ಲಿ ಹಬೆಯ ಹಂಡೆ ಕುದಿದು ಮುಗಿಸಿ ಸೀಟಿ ಹೊಡೆಯುತ್ತಿತ್ತು.

"ಎಲ್ಲಾ ಬೇಯಿಸಿದೆ ಸೆನ್ಸೇ" ಎಂದಳು ತೊಮೆ ಸಾನ್, ಹಂಡೆಯ ಪಕ್ಕ ನಿಂತಿದ್ದ ನಿರ್ದೇಶಕರಿಗೆ. "ನೂರ ಎಂಬತ್ತು ಕೊಳವೆ, ಆ ಮೂರು ತಟ್ಟೆ. ಎರಡೆರಡು ಸಲ. ಒಂದೇ ಒಂದು ಹುಳ ಉಳಿದಿಲ್ಲ."

"ಒಳ್ಳೇ ಕೆಲಸ. ಇಷ್ಟು ಸಲೀಸಾಗಿ ದಾಟೋ ಪೀಡೆ ಈ ಕಟ್ಟಡದಲ್ಲಿ ಒಂದು ಕ್ಷಣಾನೂ ಇರಬಾರದು" ಎಂದು ಅರಿಮುರ ಸೆನ್ಸೇ ಮುರೊಯಿಯ ಸುಟ್ಟ ಬೆನ್ನನ್ನು ಅಭಿಮಾನದಿಂದ ತಟ್ಟಿದರು. "ನೀನು ಹೇಳಿದ್ದು ನೂರಕ್ಕೆ ನೂರು ನಿಜ, ಮುರೊಯಿ ಕುನ್. ಟೋಕಿಯೊಗೆ ಫೋನ್ ಮಾಡಿ ಹೇಳಿದೀನಿ. ಸೋಮವಾರ ಮೂವರು ಪ್ರೊಫೆಸರುಗಳು ಬರ್ತಿದ್ದಾರೆ. ನನಗೆ ತೋರಿಸಿದ್ದನ್ನೇ ಅವರಿಗೂ ತೋರಿಸಿಬಿಡು."