ಹದಿನಾಲ್ಕನೆಯ ಟೋಕನ್

ಶೇಷಗಿರಿ ತನ್ನ ಟೋಕನ್ ಬಿಟ್ಟುಕೊಟ್ಟದ್ದೇ ಎಡವಟ್ಟಾಯಿತು.

ಬ್ಯಾಟರಾಯನಪುರದ ಪಾರ್ಕಿನೆದುರು ಮೂಳೆ ತಪಾಸಣೆಯ ವ್ಯಾನು ಬಂದಿತ್ತು. ಎಕ್ಸ್-ರೇ ಹಾಯಿಸಿ ಮೂಳೆಯಲ್ಲಿ ಕ್ಯಾಲ್ಸಿಯಂ ಎಷ್ಟು ಉಳಿದಿದೆ ಎಂದು ಹೇಳುತ್ತಾರಂತೆ. ನಂಬರಿನ ಎದುರು ಹೆಸರು ಬರೆದುಕೊಂಡು ಟೋಕನ್ ಕೊಟ್ಟಿದ್ದರು.

“ಒಲೆ ಮೇಲೆ ಹಾಲಿಟ್ ಬಂದಿದೀನಿ ಕಣ್ರೀ,” ಎಂದು ಎದುರುಮನೆಯ ಎಪ್ಪತ್ತೆರಡರ ಕೃಷ್ಣಯ್ಯ ಚಡಪಡಿಸಿದರು. ಶೇಷಗಿರಿ ತನ್ನ ಹದಿನಾಲ್ಕು ಕೊಟ್ಟು ಅವರ ಮೂವತ್ತೊಂದು ಇಸಿದುಕೊಂಡ. ಅವನಿಗೇನು, ಮದುವೆಯಾಗಿರಲಿಲ್ಲ, ಲೈಬ್ರರಿ ಕೆಲಸದಿಂದ ನಿವೃತ್ತಿಯೂ ಆಗಿತ್ತು. ಕ್ಯೂನಲ್ಲಿ ಹೆಚ್ಚು ಹೊತ್ತು ನಿಂತರೆ ನಾಲ್ಕು ಮಾತಾಡಲು ಯಾರಾದರೂ ಸಿಕ್ಕಾರು ಎಂಬ ಆಸೆ. ಸಿಗಲಿಲ್ಲ. ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದರು.

ಮಧ್ಯಾಹ್ನ ವ್ಯಾನಿನ ನರ್ಸ್ ಅಫ್ರೀನ್ ಹೆಸರು ನೋಡಿ ರಿಪೋರ್ಟ್ ಕೊಡುತ್ತಾ, “ಶೇಷಗಿರಿ ಅಂಕಲ್, ನಿಮ್ ಮೂಳೆ ತುಂಬಾ ವೀಕು. ಬೀಳ್ಲೇಬಾರ್ದು!” ಎಂದಳು. ಹಿಂದೆ ನಿಂತಿದ್ದ ಪಕ್ಕದ ಮನೆಯ ಜಯಾ ಕೇಳಿಸಿಕೊಂಡರು. ಜಯಾಗೆ ಗೊತ್ತಾಯಿತೆಂದರೆ ಇಡೀ ಬೀದಿಗೆ ಗೊತ್ತಾದಂತೆಯೇ.

ಇಬ್ಬರು ರಟ್ಟೆ ಹಿಡಿದು ಅವನನ್ನು ಮನೆಗೆ ತಂದರು. ರಾಗಿ ಗಂಜಿ ಬಂತು, ಎಳ್ಳುಂಡೆ ಬಂತು. ಶೇಷಗಿರಿ ಸೀನಲು ಮೂಗೆತ್ತಿದ.

“ಅಯ್ಯಯ್ಯೋ, ಮೆಲ್ಲಗೆ! ಪಕ್ಕೆ ಮೂಳೆ ಗಿಕ್ಕೆ ಮೂಳೆ ಮುರ್ದೋದಾತು!” ಎಂದರು ಜಯಾ.

ಮನೆಯಲ್ಲಿದ್ದದ್ದು ಒಂದೇ ಕುರ್ಚಿ, ಬಂದವರು ಹನ್ನೊಂದು ಜನ. ಗೃಹಪ್ರವೇಶದ ದಿನವೂ ಅಷ್ಟು ಜನ ಬಂದಿರಲಿಲ್ಲ. ಈ ಹಾಳು ಮೂಳೆ ಹತ್ತು ವರ್ಷ ಮೊದಲೇ ಸವೆಯಬಾರದಿತ್ತೇ ಎನಿಸಿ ಶೇಷಗಿರಿಯ ಕಣ್ಣು ಒದ್ದೆಯಾಯಿತು.

ಆಗಲೇ ರಿಪೋರ್ಟಿನ ಮೂಲೆ ಕಣ್ಣಿಗೆ ಬಿತ್ತು: ಟೋಕನ್ ಹದಿನಾಲ್ಕು. ಅದನ್ನು ಹಿಡಿದು ವ್ಯಾನಿನೊಳಗೆ ಹೋದವನು ತಾನಲ್ಲ. ಸವೆದ ಮೂಳೆ ಕೃಷ್ಣಯ್ಯನವರದು!

ಹೇಳಿಬಿಡಬೇಕು ಅಂದುಕೊಂಡ. ಅಷ್ಟರಲ್ಲಿ ಜಯಾ, “ಇನ್ಮೇಲೆ ನಿಮ್ ಊಟ ನಮ್ಮನೇಲೇ. ಒಬ್ರೇ ಕೂತು ತಿನ್ನೋದು ಸಾಕು,” ಎಂದರು. ಶೇಷಗಿರಿ ರಿಪೋರ್ಟನ್ನು ಮಡಚಿ ದಿಂಬಿನಡಿ ತುರುಕಿದ. ನಾಳೆ ಹೇಳಿದರಾಯಿತು.

ಹೊರಗಿನಿಂದ ಕೃಷ್ಣಯ್ಯನವರ ದನಿ ಕೇಳಿಸಿತು. “ನಂದು ಉಕ್ಕಿನ ಮೂಳೆ ಕಣ್ರೀ, ರಿಪೋರ್ಟೇ ಹೇಳೈತೆ! ಶೇಷಗಿರಿಗೆ ನುಗ್ಗೆಸೊಪ್ಪು ನಾನೇ ಕೀಳ್ತೀನಿ!”

ಶೇಷಗಿರಿ ಕಿಟಕಿಯಲ್ಲಿ ಇಣುಕಿದ. ಮುದುಕರು ಕಾಂಪೌಂಡ್ ಗೋಡೆಯ ಮೇಲೆ ನಿಂತು ನುಗ್ಗೆಮರದ ಕೊಂಬೆಗೆ ಕಾಲು ಚಾಚಿದ್ದರು. ಅವನು ಗಂಜಿ ಲೋಟ ಬಿಸಾಡಿ ಓಡಿದ.

“ಇಳೀರಿ ಸ್ವಾಮಿ! ವೀಕ್ ಮೂಳೆ ನಿಮ್ದು! ನಾವ್ ಟೋಕನ್ ಬದಲಾಯಿಸ್ಕೊಂಡ್ವಲ್ಲ!”

ನಾಲ್ವರು ಸೇರಿ ಕೃಷ್ಣಯ್ಯನವರನ್ನು ಹೂವಿನ ಬುಟ್ಟಿಯಂತೆ ಇಳಿಸಿಕೊಂಡರು. ಅವರ ಹಿಂದೆಯೇ ಗಂಜಿ ಪಾತ್ರೆ, ಎಳ್ಳುಂಡೆ, ಜನ ಎಲ್ಲವೂ ಎದುರುಮನೆಗೆ ಹೋದವು. ಶೇಷಗಿರಿ ಖಾಲಿ ಮನೆಯಲ್ಲಿ ಒಂದೇ ಕುರ್ಚಿಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಜಯಾ ಬಾಗಿಲಲ್ಲಿ ಕಾಣಿಸಿದರು. ಅವನು ಸಡಗರದಿಂದ ಎದ್ದ.

“ಬನ್ನಿ, ಬನ್ನಿ!”

“ಕೂರಕ್ ಬಂದಿಲ್ಲ ಕಣ್ರೀ. ನಿಮ್ಮೂಳೆ ಗಟ್ಟಿ ಅಲ್ವಾ? ಸ್ವಲ್ಪ ಮರ ಹತ್ತಿ ಸೊಪ್ಪು ಕಿತ್ಕೊಡಿ. ಕೃಷ್ಣಯ್ಯನೋರಿಗೆ ಪಲ್ಯ ಮಾಡ್ಬೇಕು.”

ಶೇಷಗಿರಿ ಹತ್ತಿದ. ಮೇಲಿನಿಂದ ಎದುರುಮನೆಯ ಹಾಲ್ ಕಾಣುತ್ತಿತ್ತು. ನಗು, ಮಾತು, ಕಾಲಿಡಲು ಜಾಗವಿಲ್ಲ. ನೋಡುತ್ತಿದ್ದಂತೆ ಕೊಂಬೆ ಲಟಕ್ಕೆಂದಿತು.

ದೊಪ್ಪೆಂದು ಬಿದ್ದವನು ಏಳಲಿಲ್ಲ. ಈಗಂತೂ ಬಂದೇ ಬರುತ್ತಾರೆ ಎಂದು ಕಣ್ಣು ಮುಚ್ಚಿ ಕಾದ.

ಎದುರುಮನೆಯ ಕಿಟಕಿಯಿಂದ ಜಯಾ ಕೂಗಿದರು: “ಏನಾಗಿರಲ್ಲ ಏಳ್ರೀ, ರಿಪೋರ್ಟ್ ಚೆನ್ನಾಗೈತೆ! ಬರ್ತಾ ಸೊಪ್ಪು ತನ್ನಿ!”

ಕೈಕಾಲು ಆಡಿಸಿ ನೋಡಿದ. ಹಾಳಾದ್ದು, ಒಂದು ಮೂಳೆಯೂ ಮುರಿದಿರಲಿಲ್ಲ.