ಗಾಳಿಗೆ ಹೋಗುವ ಮದ್ದು

ನನ್ನ ಸೋದರಮಾವನಷ್ಟು ಸದ್ದಿಗೆ ಅಂಜುವ ಪ್ರಾಣಿ ಕುಂದಾಪುರದಿಂದ ಬೈಂದೂರಿನವರೆಗೆ ಹುಡುಕಿದರೂ ಸಿಕ್ಕದು. ಬಾಗಿಲು ಧಡಕ್ಕೆಂದರೆ ಮುಖ ಸಿಂಡರಿಸುವರು. ಪಕ್ಕದ ಮನೆಯ ಪಟಾಕಿಗೆ ಕಿವಿಗಿಡಲು ಹತ್ತಿ ಹುಡುಕುವರು. ಉದ್ಯೋಗ? ಕಲ್ಲುಕೋರೆಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವುದು!

ಬಿಜೂರಿನ ಅವರ ಮನೆಯಲ್ಲಿದ್ದುಕೊಂಡೇ ನಾನು ಶಾಲೆಗೆ ಹೋದವಳು. ಹಾಗಾಗಿ ಮಗ್ಗಿಗಿಂತ ಮೊದಲೇ ನನಗೆ ಸಿಡಿತದ ಶಾಸ್ತ್ರ ಬಾಯಿಪಾಠ. ಒಳ್ಳೆಯ ಸಿಡಿತ 'ಧಿಮ್' ಅನ್ನಬೇಕು. ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಬೇಕು. 'ಢಮಾರ್' ಎಂದಿತೋ, ಕಲ್ಲಿನೊಳಗೆ ದುಡಿಯಬೇಕಾದ ಮದ್ದು ಗಾಳಿಗೆ ಹೋಯಿತೆಂದೇ ಅರ್ಥ. ಊಟದ ಹೊತ್ತಿಗೆ ಗುಡ್ಡದಾಚೆ ಬೇರೆ ಯಾರೋ ಸಿಡಿಸಿದರೆ, ಮಾವ ತುತ್ತನ್ನು ಬಾಯಿಯ ಬಳಿ ನಿಲ್ಲಿಸಿ ತೀರ್ಪು ಕೊಡುತ್ತಿದ್ದರು: "ಗಾಳಿಗ್ ಹೋಯ್ತ್! ಎಮ್ಮಿಯಷ್ಟ್ ದೊಡ್ಡ ಕಲ್ಲ್ ಬಿತ್ತ್, ಕಾಣ್!"

ಒಮ್ಮೆ ಕೋರೆಯ ಧಣಿಗೆ ಉಳಿತಾಯದ ಹುಚ್ಚು ಹಿಡಿಯಿತು. ಮಾವ ಬೇಡವೆಂದರೂ ಕುಳಿಗಳನ್ನು ದೂರ ದೂರ ಕೊರೆಸಿ, ಮದ್ದು ಕಡಿಮೆ ಮಾಡಿಸಿದರು. ಬಂಡೆಯೇನೋ ಬಿತ್ತು, ತುಂಡುಗಳು ಜಲ್ಲಿಯಂತ್ರದ ಬಾಯಿಗೆ ಹಿಡಿಸಬೇಕಲ್ಲ! ಕಲ್ಲೊಡೆಯಲು ತಂದ ಬಾಡಿಗೆಯ ಬ್ರೇಕರ್ ಯಂತ್ರ ಮೂರು ದಿನ ಕುಟ್ಟಿತು, ಡೀಸೆಲ್ ಕುಡಿಯಿತು, ಕೊನೆಗೆ ಅದರ ಉಳಿಯೇ ಮುರಿಯಿತು. ಲಾರಿಗಳು ಸಾಲಾಗಿ ನಿದ್ದೆ ಹೋದವು. ಮಾವ ಎಂದದ್ದಿಷ್ಟೇ: "ಉಪ್ಪ್ ಉಳ್ಸುಕೆ ಹೋಯಿ ಮೀನ್ ಕೊಳ್ಸ್ದಂಗಾಯ್ತ್, ಧಣಿ."

ಈ ಶಾಸ್ತ್ರ ಅಡುಗೆಮನೆಗೂ ನುಗ್ಗಿತು. ಬ್ರಹ್ಮಾವರದ ನೆಂಟರು ಬಂದ ದಿನ ಅತ್ತೆ ಬೆಲ್ಲದ ಅಚ್ಚು ಜಜ್ಜಲು ಗುಂಡುಕಲ್ಲು ಎತ್ತಿದರೆ, ಮಾವ ತಡೆದು, ಮೊಳೆ ಹಿಡಿದು ಸಾಲಾಗಿ ತೂತು ಕೊರೆಯತೊಡಗಿದರು. ಕೊರೆದರು, ಕೊರೆದರು. ಆಮೇಲೆ ಒಂದೇ ತಟ್ಟು. ಅಚ್ಚು ಅವಲಕ್ಕಿಯಂತೆ ಉದುರಿತು!

"ಲಾಯ್ಕ್ ಆಯ್ತ್!" ಅತ್ತೆ ಕೂಗಿದರು, "ಪಾಯ್ಸ ಉಂಬುಕ್ ಬಂದವ್ರ್ ಬಸ್ ಹತ್ತಿಯೂ ಆಯ್ತ್!"

ಅತ್ತೆಗೆ ಕೂಗುವುದು ಬಿಟ್ಟು ಬೇರೆ ಮಾತೇ ಗೊತ್ತಿರಲಿಲ್ಲವೆನ್ನಿ. "ಹ್ವಾಯ್! ಉಂಬುಕ್ ಬನಿ!" ಎಂದು ಗಂಡನನ್ನು ಊಟಕ್ಕೆ ಕರೆದರೆ ತೆಂಗಿನ ಮರದ ಕಾಗೆಗಳೆಲ್ಲ ಹಾರಬೇಕು. ಮಾವ ಕಿವಿ ಮುಚ್ಚಿಕೊಂಡು ಗೊಣಗುವರು: "ಪೂರಾ ಗಾಳಿಗ್ ಹೋಯ್ತ್!"

ಕಳೆದ ವರ್ಷ ಕುಂದಾಪುರದ ಆಸ್ಪತ್ರೆಯಲ್ಲಿ ಅತ್ತೆಯ ಗಂಟಲಿಗೆ ಆಪರೇಷನ್ ಆಯಿತು. ಗಾಯವೇನೋ ಮಾಯಿತು, ದನಿ ಮರಳಲಿಲ್ಲ. ದಿನವೂ ಮಾತಾಡಲು ಪ್ರಯತ್ನಿಸಿದರಷ್ಟೇ ಬಂದೀತು ಎಂದರು ಡಾಕ್ಟರು. ಅತ್ತೆಗೆ ಸಂಕೋಚ, ತುಟಿ ಬಿಗಿದರು. ಮಾವ ಜೀವಮಾನವಿಡೀ ಬಯಸಿದ ಮೌನ ಕೊನೆಗೂ ಮನೆಗೆ ಬಂತು.

ನಾನು ನೋಡಲು ಹೋದ ದಿನ, ಅತ್ತೆ ಬಾಗಿಲಲ್ಲಿ ನಿಂತು ಬಟ್ಟಲಿಗೆ ಸೌಟು ಬಡಿದರು. ಅಂಗಳದಲ್ಲಿ ಕೂತ ಮಾವ ಅಲುಗಲಿಲ್ಲ.

"ಮಾವ, ಅತ್ತೆ ಊಟಕ್ಕೆ ಕರೀತಿದ್ರ್."

"ಅದ್ ಸೌಟ್ ಕರೂದ್. ಅವ್ಳ್ ಕರೀಲಿ, ಏಳ್ತೆ."

ಅತ್ತೆ ಮತ್ತೆ ಬಡಿದರು. ಮಾವ ಮತ್ತೂ ಅತ್ತ ತಿರುಗಿ ಕೂತರು. ಅನ್ನ ಆರಿತು. ಅತ್ತೆಯ ಕಣ್ಣು ಕೆಂಪಾಯಿತು, ಸೌಟು ಕೆಳಗಿಟ್ಟರು. ಕತ್ತಿನ ನರ ಉಬ್ಬಿತು. ಒಂದು ಉಸಿರು, ಎರಡು... ಆಮೇಲೆ ಒಣ ತೆಂಗಿನ ಗರಿ ನೆಲಕ್ಕೆ ಉಜ್ಜಿದಂತೆ: "ಹ್ವಾಯ್."

ಬಾವಿಕಟ್ಟೆಯ ಕಾಗೆಯೂ ಹಾರಲಿಲ್ಲ. ಮಾವ ಮಾತ್ರ ಎದ್ದುಬಿಟ್ಟಿದ್ದರು, ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತ.

"ಗಾಳಿಗ್ ಹೋಯ್ತಾ, ಮಾವ?" ಎಂದೆ.

"ಇಲ್ಲ ಮಗಾ," ಎಂದರು, "ಒಂದ್ ಚೂರೂ ಹೋಯ್ಲ."